ಸೋಪಿನ ಟ್ರೇಗೆ ಸೋಪು ಹಾಕಿದ ದಿನ

ಮೊದಲು ಅನುಮಾನ ಬಂದದ್ದು ಟವೆಲ್ ಮೇಲೆ. ಒಗೆದು, ಬಿಸಿಲಿಗೆ ಹಾಕಿ, ಗರಿಗರಿಯಾಗಿ ಒಣಗಿಸಿ ಮಡಚಿಟ್ಟ ಟವೆಲ್. ಒಣಗಿದ್ದಾಗ ಏನೂ ಇಲ್ಲ. ಮುಖ ಒರೆಸಿಕೊಂಡು ಸ್ವಲ್ಪ ಒದ್ದೆ ತಾಗಿತೋ ಇಲ್ಲವೋ, ಕಮಟು ವಾಸನೆ ಎದ್ದು ಕೂರುತ್ತಿತ್ತು.

ಸೋಪಿನ ಪುಡಿ ಜಾಸ್ತಿ ಹಾಕಿದೆ. ಹೋಗಲಿಲ್ಲ. ಬಟ್ಟೆ ಮೆತ್ತಗಾಗಲಿ, ಘಮಘಮ ಅನ್ನಲಿ ಅಂತ ಹಾಕುವ ಸಾಫ್ಟ್‌ನರ್ ಜಾಸ್ತಿ ಸುರಿದೆ. ಆಗ ಮೇಲೆ ಹೂವಿನ ವಾಸನೆ, ಕೆಳಗೆ ಕಮಟು ವಾಸನೆ, ಎರಡೂ ಸೇರಿ ಮೊದಲಿಗಿಂತ ಕೆಟ್ಟದಾಯಿತು. ಡ್ರಮ್ಮಿನ ಮೇಲೆ ಸಂಶಯಪಟ್ಟು ಖಾಲಿ ವಾಷಿಂಗ್ ಮೆಷಿನ್ನನ್ನು 90 ಡಿಗ್ರಿ ಬಿಸಿನೀರಲ್ಲಿ ಓಡಿಸಿದೆ. ಡ್ರಮ್ಮು ಪಳಪಳ ಹೊಳೆಯಿತು. ವಾಸನೆ ಮಾತ್ರ ಹಾಗೇ ಇತ್ತು. ಅಮ್ಮ ಒಂದು ದಿನ ಟವೆಲ್ ಮೂಸಿ ನೋಡಿ, "ಇದನ್ನ ಒಗೆದಿದ್ದೀಯೋ, ಇಲ್ಲಾ ನೆನೆಹಾಕಿ ಮರೆತುಬಿಟ್ಟಿದ್ದೀಯೋ?" ಅಂದಳು.

ಅವತ್ತು ಭಾನುವಾರ. ಮೆಷಿನ್ನಿಗೆ ಬಟ್ಟೆ ತುಂಬಿ, ಸೋಪು ಹಾಕುವ ಟ್ರೇ ಎಳೆದೆ. ಹೂವಿನ ಗುರುತಿರುವ ಸಾಫ್ಟ್‌ನರ್ ಖಾನೆಯಲ್ಲಿ ನೀರು ನಿಂತಿತ್ತು. ಹಿಂದಿನ ಸಲ ಬಟ್ಟೆ ಒಗೆದು ಎರಡು ದಿನವಾಗಿತ್ತು. ಬೂದಿ ಬಣ್ಣದ ನೀರು, ಬೆರಳಿಟ್ಟರೆ ಲೋಳೆ. ಮೂಸಿದೆ. ಅದೇ ಟವೆಲ್ ವಾಸನೆ!

ಟ್ರೇಯನ್ನು ಪೂರ್ತಿ ಹೊರಗೆ ತೆಗೆಯಬಹುದು ಅನ್ನುವುದೇ ನನಗೆ ಅಷ್ಟು ವರ್ಷ ಗೊತ್ತಿರಲಿಲ್ಲ. ಒಂದು ಹಂತಕ್ಕೆ ಬಂದು ನಿಲ್ಲುತ್ತಿತ್ತು, ಅಷ್ಟೇ ಅಂದುಕೊಂಡಿದ್ದೆ. ಜೋರಾಗಿ ಜಗ್ಗಿದೆ. ಮೆಷಿನ್ನೇ ಒಂದಿಂಚು ಮುಂದೆ ಬಂತು. "ಕಿತ್ತುಗಿತ್ತು ಹಾಕೀಯ ಕಣೋ" ಅಂತ ಅಮ್ಮ ಒಳಗಿನಿಂದ ಕೂಗಿದಳು. ಆಮೇಲೆ ಬಗ್ಗಿ ನೋಡಿದರೆ ಸಾಫ್ಟ್‌ನರ್ ಖಾನೆಯ ಹಿಂಭಾಗದಲ್ಲಿ ಒಂದು ಪುಟ್ಟ ನಾಲಿಗೆ, ಅದರ ಮೇಲೆ "ಒತ್ತಿ" ಅಂತ ಬಾಣದ ಗುರುತು. ಒತ್ತಿ ಎಳೆದೆ. ಸಲೀಸಾಗಿ ಕೈಗೆ ಬಂತು, ಜೊತೆಗೆ ನಿಂತ ನೀರೆಲ್ಲ ನನ್ನ ಪ್ಯಾಂಟಿನ ಮೇಲೆ. ಒಂದೊಂದು ಮೆಷಿನ್ನಿನಲ್ಲಿ ಈ ನಾಲಿಗೆಯನ್ನು ಒತ್ತುವ ಬದಲು ಎತ್ತಬೇಕಾಗುತ್ತದೆ. ಯಾವುದಾದರೂ ಸರಿ, ಮೊದಲು ಕೆಳಗೊಂದು ಬಟ್ಟೆ ಹಾಸಿಕೊಳ್ಳಿ.

ಟ್ರೇಯ ಮೇಲ್ಭಾಗ ಪರವಾಗಿಲ್ಲ ಅನ್ನುವಂತಿತ್ತು. ತಿರುಗಿಸಿದೆ. ತಳದಲ್ಲಿ ಕಪ್ಪು ಬೂಸ್ಟು. ಮೂಲೆಗಳಲ್ಲಿ ಸೋಪಿನ ಪುಡಿ ಗಟ್ಟಿಯಾಗಿ, ಸುಣ್ಣ ಮೆತ್ತಿದ ಹಾಗೆ ಕೂತಿತ್ತು. ಸಾಫ್ಟ್‌ನರ್ ಖಾನೆಯಲ್ಲಿ ಒಂದು ನೀಲಿ ಮುಚ್ಚಳ. ಅದು ಅಲಂಕಾರಕ್ಕೆ ಇರುವುದು ಅಂದುಕೊಂಡಿದ್ದವನು ನಾನು. ಉಗುರಿನಿಂದ ಮೀಟಿ ತೆಗೆದಾಗ ಒಳಗೆ ಬೆರಳು ಗಾತ್ರದ ಕೊಳವೆ, ಅದರ ಸುತ್ತ ಜೆಲ್ಲಿಯಂಥ ಕಪ್ಪು ಮುದ್ದೆ.

ಇಲ್ಲೇ ಇರೋದು ಇಡೀ ಕಥೆ. ಸಾಫ್ಟ್‌ನರ್ ಖಾನೆಗೆ ಬಾಗಿಲಿಲ್ಲ, ಮೋಟಾರಿಲ್ಲ. ನೀವು ಸುರಿದ ಸಾಫ್ಟ್‌ನರ್ ಕೊಳವೆಯ ಬಾಯಿಗಿಂತ ಕೆಳಗೇ ಇರುತ್ತದೆ. ಕೊನೇ ಸಲ ಬಟ್ಟೆ ಜಾಲಿಸುವಾಗ ಮೇಲಿನಿಂದ ನೀರು ಬಿದ್ದು ಮಟ್ಟ ಏರುತ್ತದೆ, ಮುಚ್ಚಳದ ಒಳಗಿಂದ ಕೊಳವೆಯ ಬಾಯಿ ದಾಟಿ ಒಳಕ್ಕೆ ಬೀಳುತ್ತದೆ. ಒಮ್ಮೆ ಬೀಳಲು ಶುರುವಾಯಿತೆಂದರೆ ಹಿಂದಿನ ನೀರನ್ನೂ ತಾನೇ ಎಳೆದುಕೊಂಡು ಖಾನೆ ಬರಿದಾಗುತ್ತದೆ. ಕ್ಯಾನಿನಿಂದ ಪೈಪು ಹಾಕಿ ಎಣ್ಣೆ ಇಳಿಸುತ್ತಾರಲ್ಲ, ಅದೇ ಸೈಫನ್. ಆ ಮುಚ್ಚಳದ ಸಂದಿಯಲ್ಲಿ ಲೋಳೆ ಕಟ್ಟಿಕೊಂಡರೆ ಎಳೆತ ನಿಲ್ಲುತ್ತದೆ. ಖಾನೆಯಲ್ಲಿ ಒಂದು ಗೆರೆ ಇರುತ್ತದೆ, ಅದನ್ನು ದಾಟಿ ಸುರಿದರೆ ಇನ್ನೊಂದು ತೊಂದರೆ. ಮೆಷಿನ್ ಶುರುವಾಗುವ ಮೊದಲೇ ಸಾಫ್ಟ್‌ನರ್ ಇಳಿದುಹೋಗುತ್ತದೆ. ಹೋಗಿ ಸೋಪಿನ ನೀರಿಗೆ ಸೇರುತ್ತದೆ. ಅವೆರಡಕ್ಕೂ ಹೊಂದುವುದಿಲ್ಲ, ಒಂದಕ್ಕೊಂದು ಅಂಟಿ ಜಿಡ್ಡಾಗುತ್ತವೆ. ವಾಸನೆ ಹೋಗಲಿ ಅಂತ ನಾನು ಗೆರೆ ದಾಟಿಸಿ ಸುರಿದದ್ದು ನೆನಪಾಯಿತು.

ಇನ್ನೂ ಒಂದು ವಿಷಯ ಹೊಳೆದದ್ದು ಆಗಲೇ. ಬಟ್ಟೆಗೆ ಕೊನೆಯದಾಗಿ ತಾಗುವ ನೀರು ಬರುವುದೇ ಈ ಖಾನೆಯ ಮೂಲಕ. ಅಂದರೆ ಚೆನ್ನಾಗಿ ಒಗೆದು, ಜಾಲಿಸಿ, ಕೊನೆಗೆ ಇಡೀ ಮೆಷಿನ್ನಿನ ಅತಿ ಕೊಳಕು ಜಾಗ ತೊಳೆದ ನೀರಲ್ಲಿ ನಾನು ಟವೆಲ್ ಅದ್ದುತ್ತಿದ್ದೆ. ಆ 90 ಡಿಗ್ರಿ ಯಾಕೆ ಉಪಯೋಗಕ್ಕೆ ಬರಲಿಲ್ಲ ಅನ್ನುವುದೂ ತಿಳಿಯಿತು. ನನ್ನ ಮೆಷಿನ್ ನೀರನ್ನು ಕಾಯಿಸುವುದು ಕೆಳಗೆ, ಡ್ರಮ್ಮಿನ ತಳದಲ್ಲಿ. ಟ್ರೇ ಮೇಲೆ ಹರಿಯುವುದು ನಲ್ಲಿಯ ತಣ್ಣೀರು. ಕೆಳಗೆ ಎಷ್ಟೇ ಕುದಿಸಿದರೂ ಮೇಲಿನ ಬೂಸ್ಟಿಗೆ ಅದು ಗೊತ್ತೇ ಆಗಲ್ಲ.

ಬಕೆಟ್ಟಿಗೆ ಬಿಸಿನೀರು, ಒಂದಿಷ್ಟು ಪಾತ್ರೆ ತೊಳೆಯುವ ಲಿಕ್ವಿಡ್. ಟ್ರೇ, ಮುಚ್ಚಳ ಎರಡನ್ನೂ ಮುಳುಗಿಸಿದೆ. ಕುದಿಯುವ ನೀರಲ್ಲ, ಕೈ ತಡೆಯುವಷ್ಟು ಬಿಸಿ, ಪ್ಲಾಸ್ಟಿಕ್ ಸೊಟ್ಟಗಾಗಬಾರದಲ್ಲ. ಅರ್ಧ ಗಂಟೆಯಲ್ಲಿ ಜಿಡ್ಡು ಸಡಿಲವಾಯಿತು. ಬಿಳಿ ಕಲೆಗಳು ಮಾತ್ರ ಜಗ್ಗಲಿಲ್ಲ. ಅದು ಗಡಸು ನೀರಿನ ಉಪ್ಪು, ಅದಕ್ಕೆ ವಿನಿಗರ್ ಬೇಕು. ಈ ಕೈಯಲ್ಲಿ ವಿನಿಗರ್, ಬೂಸ್ಟು ಸಾಯಲಿ ಅಂತ ಆ ಕೈಯಲ್ಲಿ ಬ್ಲೀಚು ಹಿಡಿದು ನಿಂತಿದ್ದೆ. ಪುಣ್ಯಕ್ಕೆ ಬಾಟಲಿಯ ಹಿಂದಿನ ಎಚ್ಚರಿಕೆ ಕಣ್ಣಿಗೆ ಬಿತ್ತು. ಇವೆರಡು ಸೇರಿದರೆ ಹೊರಡುವುದು ಕ್ಲೋರಿನ್ ಅನಿಲ, ಅದು ವಿಷ. ಬ್ಲೀಚು ವಾಪಸ್ ಕಪಾಟಿಗೆ ಹೋಯಿತು. ಉಳಿದದ್ದನ್ನು ಹಳೇ ಟೂತ್‌ಬ್ರಶ್ ನೋಡಿಕೊಂಡಿತು.

ಮುಗಿಯಿತು ಅಂದುಕೊಂಡು, ಟ್ರೇ ಕೂರುವ ಗೂಡಿನೊಳಗೆ ಮೊಬೈಲ್ ಟಾರ್ಚ್ ಬಿಟ್ಟೆ. ಬಿಡಬಾರದಿತ್ತು. ಗೂಡಿನ ಸೂರಿನಲ್ಲಿ ಸಾಲಾಗಿ ಸಣ್ಣ ತೂತುಗಳು, ನೀರು ಸುರಿಯುವುದು ಅಲ್ಲಿಂದ. ಒಂದೊಂದು ತೂತಿನ ಸುತ್ತಲೂ ಕಪ್ಪು ಬೂಸ್ಟು ಜೋತಾಡುತ್ತಿತ್ತು. ಟ್ರೇ ಎಷ್ಟು ತಿಕ್ಕಿದರೇನು, ಸೂರು ಹಾಗೇ ಇದ್ದರೆ ಅದು ಮೊದಲ ಸಲವೇ ಕೆಳಗೆ ತೊಟ್ಟಿಕ್ಕುತ್ತದೆ. ಪ್ಲಗ್ ಕಿತ್ತು, ಕೈ ಒಳಗೆ ಹಾಕಿ, ಬ್ರಶ್ಶನ್ನು ಮೇಲ್ಮುಖ ಮಾಡಿ ತಿಕ್ಕಿದೆ. ಕಪ್ಪು ನೀರು ತೋಳಿನ ಮೇಲೆ ಹರಿದು ಮೊಣಕೈಯಿಂದ ಇಳಿಯಿತು. ಒಂದಷ್ಟು ತೂತು ಪೂರ್ತಿ ಮುಚ್ಚಿಹೋಗಿದ್ದವು, ಟೂತ್‌ಪಿಕ್ ಚುಚ್ಚಿ ಬಿಡಿಸಿದೆ. ಹಾಗೇ ನಲ್ಲಿ ನಿಲ್ಲಿಸಿ ಹಿಂದಿನ ಪೈಪು ಬಿಚ್ಚಿದರೆ, ಮೆಷಿನ್ನಿಗೆ ನೀರು ಹೋಗುವ ಬಾಯಲ್ಲಿದ್ದ ಪುಟ್ಟ ಜಾಲರಿಯ ತುಂಬ ಮರಳು. ನೀರಿನ ರಭಸವೇ ಇಲ್ಲದಿದ್ದಾಗ ಪುಡಿ ಕೊಚ್ಚಿಹೋಗುವುದಾದರೂ ಹೇಗೆ?

ಟ್ರೇ ವಾಪಸ್ ಹಾಕುವ ಮೊದಲು ಸಿಂಕಿನ ಮೇಲೆ ಹಿಡಿದು ಸಾಫ್ಟ್‌ನರ್ ಖಾನೆಗೆ ಒಂದು ಮಗ್ಗು ನೀರು ಬಿಟ್ಟೆ. ಮಟ್ಟ ಏರಿತು, ಗೆರೆ ದಾಟಿತು, ಒಂದು ಕ್ಷಣ ನಿಂತಿತು. ಆಮೇಲೆ ಗುಳುಗುಳು ಅಂತ ಒಂದೇ ಸಮ ಇಳಿದುಹೋಯಿತು. ತಳದಲ್ಲಿ ಒಂಚೂರು ಉಳಿಯಿತು, ಅದು ಸಹಜವಂತೆ. ಖುಷಿಗೆ ಇನ್ನೂ ಎರಡು ಸಲ ಸುರಿದೆ. "ನೀರು ಆಟ ಆಡೋ ವಯಸ್ಸಾ ನಿಂದು?" ಅಂದಳು ಅಮ್ಮ. ಆಮೇಲೆ ತಾನೂ ಒಂದು ಸಲ ಸುರಿದು ನೋಡಿದಳು.

ಟವೆಲ್ ಸರಿಹೋಗಲು ಮೂರು ಸಲ ಒಗೆಯಬೇಕಾಯಿತು, ಅದೂ ಸಾಫ್ಟ್‌ನರ್ ಇಲ್ಲದೆ. ಈಗ ಪುಡಿಯೂ ಕಡಿಮೆ. ತಿಂಗಳಿಗೊಮ್ಮೆ ಟ್ರೇ ಹೊರಗೆ ಬರುತ್ತದೆ, ಹತ್ತು ನಿಮಿಷದ ಕೆಲಸ. ಒಗೆದ ಮೇಲೆ ಒಳಗೆ ಗಾಳಿಯಾಡಲಿ ಅಂತ ಟ್ರೇಯನ್ನು ಅರ್ಧ ತೆರೆದೇ ಇಡುತ್ತೇನೆ. ಕಷ್ಟ ಅಂದರೆ ಅದು ಸರಿಯಾಗಿ ಸೊಂಟದ ಎತ್ತರಕ್ಕಿದೆ. ಓಡಾಡುವಾಗ ತಾಗಿಸಿಕೊಂಡು ಅಮ್ಮ ಬೈದು ಮುಚ್ಚುತ್ತಾಳೆ. ನಾನು ಹೋಗಿ ಮತ್ತೆ ತೆಗೆಯುತ್ತೇನೆ.