ಎರಡು ಮಳೆಗಾಲ ನಿಂತ ಮಾರುತಿಯ ಬ್ರೇಕ್ ಕೆಲಸ

ತೀರ್ಥಹಳ್ಳಿ ಕಡೆಯ ಒಂದು ಮನೆಯ ಶೆಡ್ಡಿನಲ್ಲಿ ಎರಡು ಮಳೆಗಾಲ ಅಲುಗಾಡದೆ ನಿಂತಿದ್ದ 1998ರ ಮಾರುತಿ 800. ಬ್ಯಾಟರಿ ಹಾಕಿದರೆ ಎಂಜಿನ್ ಶುರುವಾಯಿತು, ಗೇರ್ ಬಿತ್ತು, ಬ್ರೇಕ್ ಒತ್ತಿದರೆ ಗಾಡಿ ನಿಂತಿತು ಕೂಡ. ಆದರೆ ಪೆಡಲ್ ಮೇಲೆ ಕಾಲು ಹಾಗೇ ಇಟ್ಟುಕೊಂಡರೆ ಅದು ಮೆಲ್ಲಗೆ ನೆಲದ ಕಡೆ ಇಳಿಯುತ್ತಿತ್ತು. ಮಾಲೀಕರು ಅದನ್ನು ಆಗುಂಬೆ ಘಾಟಿ ಇಳಿಸಿ ಉಡುಪಿಗೆ ಒಯ್ಯಬೇಕಿತ್ತು. 14 ಹೇರ್‌ಪಿನ್ ತಿರುವುಗಳ ದಾರಿಗೆ ಇಂಥ ಪೆಡಲ್ ಆಗದು.

ಪೆಡಲ್ ಇಳಿಯುವುದು ಬೇರೆ, ಮೆತ್ತಗಾಗುವುದು ಬೇರೆ. ಒತ್ತಿದಾಗ ಮೆತ್ತಗೆ ಹೋಗಿ, ಎರಡು ಮೂರು ಸಲ ಪಂಪ್ ಮಾಡಿದ ಮೇಲೆ ಗಟ್ಟಿಯಾದರೆ ಪೈಪಿನಲ್ಲಿ ಗಾಳಿ ಸೇರಿದೆ, ಇಲ್ಲವೇ ಹಿಂದಿನ ಬ್ರೇಕ್ ಶೂ ಚಕ್ರದ ಜೊತೆ ತಿರುಗುವ ಡ್ರಮ್ಮಿನಿಂದ ತುಂಬ ದೂರ ಇದೆ. ಗಟ್ಟಿಯಾಗಿ ನಿಂತು ಆಮೇಲೆ ಒಂದೇ ಒತ್ತಡಕ್ಕೆ ಇಳಿಯುತ್ತಾ ಹೋದರೆ ಬ್ರೇಕ್ ಆಯಿಲ್ ಎಲ್ಲೋ ಹೊರಗೆ ಸೋರುತ್ತಿದೆ, ಅಥವಾ ಪೆಡಲ್ ಒತ್ತಿದಾಗ ಆಯಿಲ್ಲನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಕಪ್ ದಾಟಿ ಹಿಂದಕ್ಕೆ ಜಾರುತ್ತಿದೆ. ಇದನ್ನು ನೋಡುವಾಗ ಪೆಡಲ್ ಮೇಲೆ ನಿಂತು ಒತ್ತಬಾರದು. ಜೋರಾಗಿ ಒತ್ತಿದರೆ ಕಪ್ಪಿನ ಅಂಚು ಗೋಡೆಗೆ ಅಂಟಿಕೊಂಡು ಸೋರಿಕೆ ಮುಚ್ಚಿಹೋಗುತ್ತದೆ. ಎಂಜಿನ್ ಆಫ್ ಇಟ್ಟು, ನಾಲ್ಕೈದು ಸಲ ಒತ್ತಿ ಕಾಲಿನ ಬಲ ಹೆಚ್ಚಿಸುವ ಬೂಸ್ಟರಿನ ವ್ಯಾಕ್ಯೂಮ್ ಖಾಲಿ ಮಾಡಿ, ಹಗುರ ಕಾಲಿನಲ್ಲಿ ಒಂದು ನಿಮಿಷ ಹಿಡಿದರೆ ನಿಜ ಗೊತ್ತಾಗುತ್ತದೆ. ಹಾಗೆ ಹಿಡಿದುಕೊಂಡೇ ಎಂಜಿನ್ ಶುರು ಮಾಡಿದಾಗ ಪೆಡಲ್ ಒಂದಿಷ್ಟು ಕೆಳಗೆ ಹೋಗಿ ನಿಂತರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಇದರಲ್ಲಿ ಬೂಸ್ಟರ್ ಸರಿ ಇತ್ತು.

ನಾಲ್ಕೂ ಚಕ್ರದ ಒಳಬದಿ ಒಣಗಿತ್ತು. ಆದರೂ ರಿಸರ್ವಾಯರಿನಲ್ಲಿ, ಅಂದರೆ ಮಾಸ್ಟರಿನ ಮೇಲಿನ ಡಬ್ಬಿಯಲ್ಲಿ, ಆಯಿಲ್ ಕೆಳಗಿನ ಗೆರೆಗಿಂತ ಕಡಿಮೆ. ಹೊರಗೆ ಸೋರದ ಆಯಿಲ್ ಹೋಗಲು ಸುಲಭದ ಜಾಗ ಬೂಸ್ಟರಿನ ಹೊಟ್ಟೆ. ಮಾಸ್ಟರ್ ಸಿಲಿಂಡರನ್ನು ಬೂಸ್ಟರಿಗೆ ಹಿಡಿದಿರುವ ಎರಡು ನಟ್ ಸಡಿಲಿಸಿ ಸ್ವಲ್ಪ ಮುಂದೆ ಎಳೆದರೆ ಸಾಕು, ಹಿಂಭಾಗ ಒದ್ದೆಯಾಗಿತ್ತು. ಬೂಸ್ಟರಿನ ಬಣ್ಣವೂ ಅಲ್ಲಿ ಕಿತ್ತುಬಂದಿತ್ತು. ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ, ಹಾಗಾಗಿ ಆ ಗುರುತು ಸುಳ್ಳು ಹೇಳುವುದಿಲ್ಲ.

ಇಲ್ಲಿಗೆ ಬಹಳ ಗ್ಯಾರೇಜುಗಳಲ್ಲಿ ಕೆಲಸ ಮುಗಿದಂತೆ. ಹೊಸ ಮಾಸ್ಟರ್ ಹಾಕಿ, ಏರ್ ತೆಗೆದು ಗಾಡಿ ಕೊಡುತ್ತಾರೆ. ಕೆಲವೇ ದಿನದಲ್ಲಿ ಅದೇ ಗಾಡಿ ವಾಪಸ್ಸು: “ಅಣ್ಣಾ, ಮಾಸ್ಟರ್ ಹೊಸದು, ಮತ್ತೆ ಆಯಿಲ್ ಇಳೀತಿದೆಯಲ್ಲ?” ಇದರಲ್ಲಿ ಆಶ್ಚರ್ಯ ಏನಿಲ್ಲ. ಮಾಸ್ಟರ್, ಮುಂದಿನ ಚಕ್ರದ ಪ್ಯಾಡ್ ಒತ್ತುವ ಕ್ಯಾಲಿಪರ್, ಹಿಂದಿನ ಶೂ ತಳ್ಳುವ ವೀಲ್ ಸಿಲಿಂಡರ್, ಹೋಸ್ ಎಲ್ಲದರ ರಬ್ಬರೂ ಒಂದೇ ವಯಸ್ಸಿನವು. ಮಾಸ್ಟರ್ ಜಾರುತ್ತಿದ್ದಷ್ಟು ದಿನ ಉಳಿದವಕ್ಕೆ ಪೂರ್ತಿ ಒತ್ತಡ ಬೀಳುತ್ತಿರಲಿಲ್ಲ. ಹೊಸದು ಬಂದು ಒತ್ತಡ ಏರಿದ ಕೂಡಲೇ ಅವುಗಳಲ್ಲಿ ದುರ್ಬಲವಾದದ್ದು ಬಾಯಿ ಬಿಡುತ್ತದೆ. ಅದಕ್ಕೇ ನಾವು ಎಲ್ಲವನ್ನೂ ಒಟ್ಟಿಗೆ ಬಿಚ್ಚಿದೆವು.

ಮುಂದಿನ ಎಡ ಚಕ್ರ ಜಾಕಿ ಮೇಲೆ ಕೈಯಲ್ಲಿ ತಿರುಗುತ್ತಿರಲಿಲ್ಲ. ಬ್ರೇಕ್ ಹಿಡಿದುಕೊಂಡಿದ್ದರೆ ಮೊದಲು ನೋಡಬೇಕಾದದ್ದು ಕ್ಯಾಲಿಪರಿನ ನಿಪ್ಪಲ್, ಅಂದರೆ ಏರ್ ತೆಗೆಯುವ ಸಣ್ಣ ತಿರುಪು. ಅದನ್ನು ಬಿಚ್ಚಿದಾಗ ಆಯಿಲ್ ಚಿಮ್ಮಿ ಚಕ್ರ ಸಡಿಲವಾದರೆ ಒತ್ತಡ ಹಿಂದೆ ಹೋಗಲಾರದೆ ಸಿಕ್ಕಿಕೊಂಡಿದೆ, ತಪ್ಪು ಹೋಸಿನದ್ದು ಅಥವಾ ಅದರ ಮೇಲಿನದ್ದು. ನಿಪ್ಪಲ್ ಬಿಚ್ಚಿದರೂ ಬಿಡದಿದ್ದರೆ ಪಿಸ್ಟನ್ನೋ, ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ನೋ ಜಾಮ್ ಆಗಿದೆ. ಇಲ್ಲಿ ಆಯಿಲ್ ಚಿಮ್ಮಿತು. ಹೋಸಿನ ಮೇಲ್ತುದಿಯಲ್ಲಿ ಪೈಪ್ ಜಾಯಿಂಟ್ ಸಡಿಲಿಸಿದಾಗ ಅಲ್ಲಿ ಒತ್ತಡವೇ ಇರಲಿಲ್ಲ. ಅಲ್ಲಿಗೆ ಹೋಸ್ ಎಂದು ಖಾತ್ರಿ. ಹೊರಗಿನಿಂದ ಅದು ಚೆನ್ನಾಗಿಯೇ ಕಾಣುತ್ತಿತ್ತು. ಒಳಗಿನ ಪದರ ಊದಿಕೊಂಡು ದಾರಿ ಮುಚ್ಚಿತ್ತು. ಕಾಲಿನ ಬಲಕ್ಕೆ ಆಯಿಲ್ ಒಳಗೆ ನುಗ್ಗುತ್ತದೆ, ಕಾಲು ತೆಗೆದಾಗ ವಾಪಸ್ ತಳ್ಳುವ ಬಲ ಸೀಲಿಗೆ ಇಲ್ಲ.

ಪೈಪಿನ ನಟ್ 10 ಮಿ.ಮೀ., ನಿಪ್ಪಲ್ 8. ಇವಕ್ಕೆ ಓಪನ್ ಪಾನಾ ಹಾಕಿದರೆ ಮೂಲೆ ಉರುಳಿ ಗುಂಡಗಾಗುತ್ತದೆ. ಪೈಪಿಗೆ ಬಾಯಿ ಸೀಳಿದ ಫ್ಲೇರ್ ನಟ್ ಪಾನಾ, ನಿಪ್ಪಲ್ಲಿಗೆ ಆರು ಮೂಲೆಯ ರಿಂಗ್ ಪಾನಾ ಬೇಕು. ಹಿಂದಿನ ರಾತ್ರಿಯೇ ತುಕ್ಕಿನ ಎಣ್ಣೆ ಹೊಡೆದಿಟ್ಟು, ಬೆಳಿಗ್ಗೆ ಮೊದಲು ತುಸು ಬಿಗಿ ಮಾಡುವ ಕಡೆ ತಿರುಗಿಸಿ ಆಮೇಲೆ ಬಿಚ್ಚಿದರೆ ನಿಪ್ಪಲ್ ಮುರಿಯುವುದು ಕಡಿಮೆ. ಮುರಿದರೆ ಕ್ಯಾಲಿಪರ್ ಲೇತಿಗೆ ಹೋಗಬೇಕು, ಆ ದಿನ ಅಲ್ಲಿಗೇ ಮುಗಿಯಿತು.

ಕ್ಯಾಲಿಪರಿನ ಪಿಸ್ಟನ್ ಹೊರತೆಗೆಯಲು ಏರ್ ಕೊಡುವಾಗ ಎದುರಿಗೆ ಮರದ ತುಂಡು ಇರಲೇಬೇಕು. ಸಣ್ಣ ಒತ್ತಡಕ್ಕೂ ಪಿಸ್ಟನ್ ಬೆರಳು ಜಜ್ಜುವಷ್ಟು ಜೋರಾಗಿ ಹಾರುತ್ತದೆ. ಪಿಸ್ಟನ್ನಿನ ಮೇಲೆ, ಸೀಲ್ ಕೂರುವ ಭಾಗದಲ್ಲಿ ತುಕ್ಕಿನ ಚುಕ್ಕೆ ಉಗುರಿಗೆ ಸಿಕ್ಕರೆ ಪಿಸ್ಟನ್ ಬದಲಿಸಬೇಕು, ಎಮರಿ ಪೇಪರ್ ಉಜ್ಜಿ ಪ್ರಯೋಜನವಿಲ್ಲ. ಸೀಲ್ ಕೂರುವ ತೋಡಿನೊಳಗೆ ಕೂತ ತುಕ್ಕಿನ ಪುಡಿಯನ್ನು ಪೂರ್ತಿ ಕೆರೆದು ತೆಗೆಯಬೇಕು. ಬ್ರೇಕ್ ಬಿಟ್ಟಾಗ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುವುದು ಆ ಚೌಕ ಸೀಲೇ. ಅದು ತುಕ್ಕಿನ ಮೇಲೆ ಕೂತರೆ ಎಷ್ಟು ಹೊಸದಾದರೂ ಪ್ಯಾಡ್ ಉಜ್ಜುತ್ತಲೇ ಇರುತ್ತದೆ.

ತೊಳೆಯುವ ವಿಷಯದಲ್ಲಿ ನಮ್ಮ ಗ್ಯಾರೇಜುಗಳ ಹಳೇ ಚಟ ಒಂದಿದೆ: ಎಲ್ಲಕ್ಕೂ ಪೆಟ್ರೋಲ್, ಇಲ್ಲದಿದ್ದರೆ ಸೀಮೆಎಣ್ಣೆ. ಬ್ರೇಕಿನ ರಬ್ಬರಿಗೆ ಇವೆರಡೂ ವಿಷ. ಮುಟ್ಟಿದ ಕಪ್ ಉಬ್ಬಿ ಸಿಲಿಂಡರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಎಂಜಿನ್ ಆಯಿಲ್, ಮಾಮೂಲಿ ಗ್ರೀಸ್ ಕೂಡ ಅಷ್ಟೇ. ಒಳಭಾಗಗಳನ್ನು ಹೊಸ ಬ್ರೇಕ್ ಆಯಿಲ್‌ನಲ್ಲೋ ಸ್ಪಿರಿಟ್‌ನಲ್ಲೋ ತೊಳೆದು, ಸೀಲಿಗೆ ಬ್ರೇಕ್ ಆಯಿಲ್ಲನ್ನೇ ಸವರಿ, ಸ್ಲೈಡ್ ಪಿನ್ನಿಗೆ ಸಿಲಿಕಾನ್ ಗ್ರೀಸ್ ಹಾಕಿದೆವು.

ಹಿಂದೆ ಡ್ರಮ್ ಬಿಚ್ಚಿದಾಗ ಸಮಾಚಾರ ಸಿಕ್ಕಿತು. ವೀಲ್ ಸಿಲಿಂಡರಿನ ಧೂಳಿನ ರಬ್ಬರ್ ಮೇಲೆತ್ತಿದರೆ ಒಳಗೆ ತುಸು ಪಸೆ ಇರುವುದು ಸಹಜ, ಹನಿ ಇರಬಾರದು. ಬಲಗಡೆ ಹನಿ ಇಳಿಯಿತು. ಹೊರಗಿನಿಂದ ಒಣಗಿದಂತೆ ಕಂಡದ್ದು ರಬ್ಬರ್ ಹಿಡಿದುಕೊಂಡಿದ್ದರಿಂದ ಅಷ್ಟೇ. ಸಿಲಿಂಡರಿನ ಗೋಡೆಯಲ್ಲಿ, ನೀರು ತಂಗುವ ಕೆಳಭಾಗದಲ್ಲಿ, ತುಕ್ಕಿನ ಗುಳಿಗಳಿದ್ದವು. ಇಂಥದಕ್ಕೆ ಬರೀ ಕಿಟ್ (ರಬ್ಬರ್ ಕಪ್ಪುಗಳ ಸೆಟ್) ಹಾಕಿದರೆ ಹೊಸ ಕಪ್ ಆ ಗುಳಿಯ ಮೇಲೆಯೇ ಓಡಾಡಿ ಹರಿಯುತ್ತದೆ. ಸಿಲಿಂಡರ್ ಎರಡೂ ಬದಿ ಹೊಸದು, ಶೂಗಳೂ ಎರಡೂ ಬದಿ ಹೊಸವು. ಆಯಿಲ್ ಕುಡಿದ ಶೂ ಲೈನರನ್ನು ಪೆಟ್ರೋಲ್ ಹಾಕಿ ಸುಟ್ಟು ಮತ್ತೆ ಹಾಕುವವರಿದ್ದಾರೆ. ಮೇಲೆ ಒಣಗಿದಂತೆ ಕಂಡರೂ ಬಿಸಿಯಾದಾಗ ಒಳಗಿನ ಆಯಿಲ್ ಮೇಲೆ ಬರುತ್ತದೆ, ಆ ಬದಿ ಹಿಡಿಯದೆ ಗಾಡಿ ಇನ್ನೊಂದು ಬದಿಗೆ ಎಳೆಯುತ್ತದೆ. ಡ್ರಮ್ಮಿನ ಧೂಳಿಗೆ ಏರ್ ಹೊಡೆಯಬೇಡಿ. ಹಳೇ ಲೈನರಿನಲ್ಲಿ ಆಸ್‌ಬೆಸ್ಟಾಸ್ ಇರಬಹುದು. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ.

ಹಿಂದಿನ ಲೋಹದ ಪೈಪ್ ಕ್ಲಿಪ್ಪಿನ ಕೆಳಗೆ ತುಕ್ಕು ತಿಂದಿತ್ತು. ಮಲೆನಾಡಿನ ಗಾಡಿಗಳಲ್ಲಿ ನೋಡಬೇಕಾದ ಜಾಗವೇ ಅದು, ಕ್ಲಿಪ್ಪಿನ ಒಳಗೆ ಕೆಸರು ಒಣಗುವುದೇ ಇಲ್ಲ. ಫ್ರಿಜ್ ರಿಪೇರಿಯವರ ತಾಮ್ರದ ಪೈಪ್ ತಂದು ಅವರದ್ದೇ ಟೂಲಿನಲ್ಲಿ ಬಾಯಿ ಅಗಲಿಸಿ ಹಾಕುವುದು ಅಪಾಯ. ತಾಮ್ರ ಅದುರಿ ಅದುರಿ ಗಡುಸಾಗಿ ಬಿರಿಯುತ್ತದೆ, ಒಂದೇ ಪದರದ ಬಾಯಿ ಬ್ರೇಕಿನ ಒತ್ತಡಕ್ಕೆ ಸೀಳುತ್ತದೆ. ಬೇಕಾದದ್ದು 4.75 ಮಿ.ಮೀ. ಸ್ಟೀಲ್ ಪೈಪ್, ಬಾಯಿ ಎರಡು ಪದರವಾಗಿ ಮಡಚಿದ ಡಬಲ್ ಫ್ಲೇರ್. ಮಾರುತಿ 800 ತಯಾರಿ 2014ರಲ್ಲಿ ನಿಂತರೂ ಭಾಗಗಳಿಗೆ ಬರವಿಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎಲ್ಲವೂ ಸಿಗುತ್ತವೆ. ಆದರೆ ಹೋಸ್ ಮತ್ತು ಕಿಟ್ ಕೊಳ್ಳುವಾಗ ಬರೀ ಕಂಪನಿ ಹೆಸರು ನೋಡಿದರೆ ಸಾಲದು, ತಯಾರಾದ ತಿಂಗಳನ್ನೂ ನೋಡಬೇಕು. ಅಂಗಡಿಯಲ್ಲೇ ಹತ್ತು ವರ್ಷ ಕೂತ ರಬ್ಬರೂ ಹಳೆಯದೇ.

ಹೊಸ ಮಾಸ್ಟರ್ ಸಿಲಿಂಡರನ್ನು ಗಾಡಿಗೆ ಕೂರಿಸುವ ಮೊದಲೇ ವೈಸಿನಲ್ಲಿ ಹಿಡಿಸಿ, ಎರಡೂ ಬಾಯಿಯಿಂದ ಸಣ್ಣ ಟ್ಯೂಬ್ ರಿಸರ್ವಾಯರಿಗೇ ತಿರುಗಿಸಿ, ಗುಳ್ಳೆ ನಿಲ್ಲುವ ತನಕ ನಿಧಾನವಾಗಿ ಒತ್ತಿ ಏರ್ ತೆಗೆದೆವು. ಈ ಹಂತ ಬಿಟ್ಟರೆ ಆಮೇಲೆ ಚಕ್ರದ ಕಡೆಯಿಂದ ಎಷ್ಟು ಪಂಪ್ ಮಾಡಿದರೂ ಪೆಡಲ್ ಮೆತ್ತಗೇ ಉಳಿಯಬಹುದು. ಬೂಸ್ಟರಿನ ಕಡ್ಡಿಗೂ ಪಿಸ್ಟನ್ನಿಗೂ ನಡುವೆ ಕೂದಲಷ್ಟಾದರೂ ಸಂದು ಬೇಕು. ಇಲ್ಲದಿದ್ದರೆ ಆಯಿಲ್ ವಾಪಸ್ ಬರುವ ಸಣ್ಣ ತೂತು ಮುಚ್ಚಿಯೇ ಇದ್ದು, ಬಿಸಿ ಏರಿದಂತೆ ನಾಲ್ಕೂ ಚಕ್ರ ಹಿಡಿಯತೊಡಗುತ್ತವೆ.

ಹಾಕಿದ ಆಯಿಲ್ ಡಾಟ್ 4 ದರ್ಜೆಯದು, ಅರ್ಧ ಲೀಟರಿನ ಎರಡು ಬಾಟಲಿ. ಹಳೆಯದು ಕಾಫಿ ಬಣ್ಣಕ್ಕೆ ತಿರುಗಿತ್ತು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ಕುದಿಯಲು ಕನಿಷ್ಠ 230 ಡಿಗ್ರಿ ಬೇಕು, ಶೇ. 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿಯಲ್ಲಿ ಬ್ರೇಕ್ ಹಿಡಿದೇ ಇಳಿದರೆ ಕ್ಯಾಲಿಪರಿನಲ್ಲಿ ಆಯಿಲ್ ಕುದ್ದು ಆವಿಯಾಗುತ್ತದೆ, ಆವಿ ಒತ್ತಿದರೆ ಕುಗ್ಗುತ್ತದೆ, ಪೆಡಲ್ ನೆಲ ಮುಟ್ಟುತ್ತದೆ. ಸಿಲಿಕಾನ್ ಆಧಾರದ ಡಾಟ್ 5 ಬೇರೆಯೇ ಜಾತಿ, ಇದರೊಂದಿಗೆ ಬೆರೆಸಬಾರದು.

ಏರ್ ತೆಗೆಯುವಾಗ ಮಾಸ್ಟರಿಗೆ ದೂರದ ಹಿಂದಿನ ಎಡ ಚಕ್ರದಿಂದ ಶುರುಮಾಡಿ ಹತ್ತಿರಕ್ಕೆ ಬಂದೆವು. ಒಬ್ಬರು ಒತ್ತಿ ಹಿಡಿದಿರುವಾಗ ಇನ್ನೊಬ್ಬರು ನಿಪ್ಪಲ್ ಕಾಲು ಸುತ್ತು ಬಿಚ್ಚಿ, ಮುಚ್ಚಿ, ಆಮೇಲಷ್ಟೇ “ಬಿಡು” ಎನ್ನಬೇಕು. ಟ್ಯೂಬಿನ ತುದಿ ಆಯಿಲ್‌ನಲ್ಲಿ ಮುಳುಗಿರಬೇಕು, ರಿಸರ್ವಾಯರ್ ಬರಿದಾಗಬಾರದು. ಹಳೇ ಮಾಸ್ಟರ್ ಉಳಿಸಿಕೊಂಡು ಏರ್ ತೆಗೆಯುವವರು ಪೆಡಲ್ ಕೆಳಗೆ ಮರದ ತುಂಡಿಟ್ಟು ಅದು ನೆಲದವರೆಗೆ ಹೋಗದಂತೆ ತಡೆಯಿರಿ. ಸಿಲಿಂಡರಿನ ಆ ಕೊನೆಯ ಭಾಗಕ್ಕೆ ಕಪ್ ವರ್ಷಗಟ್ಟಲೆ ಹೋಗಿರುವುದಿಲ್ಲ, ಅಲ್ಲಿನ ತುಕ್ಕು ಅದರ ಅಂಚನ್ನು ಒಂದೇ ಏಟಿಗೆ ಹರಿದುಹಾಕುತ್ತದೆ.

ಶೂ ಹೊಂದಿಸಿದ ಮೇಲೆಯೇ ಹ್ಯಾಂಡ್ ಬ್ರೇಕ್ ಕೇಬಲ್ ಮುಟ್ಟಬೇಕು. ಕೇಬಲ್ ಬಿಗಿ ಮಾಡಿ ಶೂ ಸವೆತ ಮುಚ್ಚಿದರೆ, ಶೂ ಸವೆದಂತೆ ಸಂದನ್ನು ತಾನೇ ಸರಿಪಡಿಸುವ ಸೆಲ್ಫ್ ಅಡ್ಜಸ್ಟರ್ ಕೆಲಸ ಮಾಡದೆ ಪೆಡಲ್ ಮತ್ತೆ ಕೆಳಗೆ ಬರುತ್ತದೆ.

ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 10ಕ್ಕೆ ಹಲವು ಸಲ ಹಗುರವಾಗಿ ಇಳಿಸಿ, ನಡುನಡುವೆ ತಣಿಯಲು ಬಿಟ್ಟು ಪ್ಯಾಡ್ ಕೂರಿಸಿದೆವು. ವಾಪಸ್ ಬಂದು ಚಕ್ರಗಳ ಹತ್ತಿರ ಕೈ ಹಿಡಿದರೆ ಮುಂದಿನ ಎರಡೂ ಒಂದೇ ಬಿಸಿ, ಹಿಂದಿನ ಎರಡೂ ಒಂದೇ ಬಿಸಿ. ರಿಸರ್ವಾಯರಿನ ಮೇಲೆ ಮಾರ್ಕರಿನಿಂದ ಗೆರೆ ಎಳೆದು ಮಾಲೀಕರಿಗೆ ಕೊಟ್ಟೆವು: ಮೊದಲ ವಾರ ದಿನಾ ನೋಡಿ, ಗೆರೆ ಬಿಟ್ಟು ಇಳಿದರೆ ಘಾಟಿಗೆ ಇಳಿಸಬೇಡಿ. ಬಾಟಲಿಯಲ್ಲಿ ಮಿಕ್ಕ ಆಯಿಲ್ಲನ್ನು ಮುಂದಿನ ವರ್ಷಕ್ಕೆಂದು ಎತ್ತಿಡಲಿಲ್ಲ. ಸೀಲ್ ಒಡೆದ ಬಾಟಲಿ ಶೆಲ್ಫಿನಲ್ಲೇ ತೇವ ಕುಡಿಯುತ್ತದೆ.