ಬಾಗಿಲು ತಾಗಿತು ಅಂದವಳು

ಬೀರು ಕ್ಲೀನ್ ಮಾಡುವಾಗ 2020ರ ಡ್ಯೂಟಿ ಡೈರಿ ಸಿಕ್ಕಿತು. ಆಗ ನಾನು ಮುಖ, ದವಡೆ ಸರ್ಜರಿಯಲ್ಲಿ ಪಿಜಿ ವಿದ್ಯಾರ್ಥಿ. ಮಾರ್ಚ್ ಮೂರನೇ ವಾರದವರೆಗೆ ಪುಟ ತುಂಬಾ ಬರೀ ಬೈಕು. ಹೆಲ್ಮೆಟ್ ಇಲ್ಲ, ಇದ್ದರೂ ಅರ್ಧ ಟೋಪಿ, ಕೆನ್ನೆ ಮೂಳೆ ಮುರಿತ, ದವಡೆ ಎರಡು ಕಡೆ ಮುರಿತ. 25ಕ್ಕೆ ಲಾಕ್‌ಡೌನ್ ಶುರುವಾಯಿತು, ಅಲ್ಲಿಂದ ಪುಟಗಳೇ ಖಾಲಿ. ರಸ್ತೆಯಲ್ಲಿ ಗಾಡಿ ಇಲ್ಲ, ಮೇ 4ರವರೆಗೆ ಎಣ್ಣೆ ಅಂಗಡಿಯೂ ಇಲ್ಲ, ಇನ್ನು ಶನಿವಾರ ರಾತ್ರಿ ಯಾರು ಬರುತ್ತಾರೆ ಹೇಳಿ? ದೇಶದಲ್ಲಿ ರಸ್ತೆ ಸಾವು 2019ರಲ್ಲಿ 1.51 ಲಕ್ಷ ಇದ್ದದ್ದು ಆ ವರ್ಷ 1.31 ಲಕ್ಷಕ್ಕೆ ಇಳಿಯಿತು.

ಬಂದ ಕೆಲವರೂ ಬೇರೆ ತರಹದವರು. ಬಚ್ಚಲಲ್ಲಿ ಜಾರಿದ ಅಜ್ಜಿ, ತಾರಸಿಯಿಂದ ಬಿದ್ದ ಹುಡುಗ. ಕೊರೊನಾ ಟೆಸ್ಟ್ ಆಗದೆ ಕೈ ಹಾಕುವಂತಿಲ್ಲ, ಡ್ರಿಲ್ ಹಾಕಿದರೆ ಹನಿಗಳು ಗಾಳಿಗೆ ಹಾರುತ್ತವೆ ಅನ್ನುವ ಭಯ ಬೇರೆ. ಹಾಗಾಗಿ ಮುರಿದ ದವಡೆಗೆ ಪ್ಲೇಟು, ಸ್ಕ್ರೂ ಹಾಕಿ ಜೋಡಿಸುವುದು ಬಿಟ್ಟು, ಆದಷ್ಟೂ ಮೇಲಿನ ಹಲ್ಲಿಗೆ ಕೆಳಗಿನದನ್ನು ತಂತಿಯಲ್ಲಿ ಬಿಗಿದು ಕಳಿಸುತ್ತಿದ್ದೆವು. ವಾರಗಟ್ಟಲೆ ಸ್ಟ್ರಾದಲ್ಲಿ ಗಂಜಿ. ವಾಂತಿ ಬಂದರೆ ತಂತಿ ಕತ್ತರಿಸಿಕೊಳ್ಳಲು ಒಂದು ಕಟ್ಟರ್ ಕೂಡ ಕೊಡುತ್ತಿದ್ದೆವು.

ಏಪ್ರಿಲ್‌ನ ಒಂದು ಸಾಲು ಮಾತ್ರ ಓದಿ ಸುಮ್ನೆ ಕೂತೆ. 'ಹೆಂಗಸು, ಎಡ ಕೆನ್ನೆ ಮೂಳೆ, ಬಾಗಿಲು ತಾಗಿದ್ದು.' ಗಂಡ ಪಕ್ಕದಲ್ಲೇ ನಿಂತು ಅವಳ ಪರವಾಗಿ ಎಲ್ಲ ಉತ್ತರ ಕೊಟ್ಟಿದ್ದ. ಮನೆಯೊಳಗಿನ ಹೊಡೆತದ ದೂರು ಜಾಸ್ತಿಯಾಗಿದೆ ಅಂತ ರಾಷ್ಟ್ರೀಯ ಮಹಿಳಾ ಆಯೋಗ ಹೇಳುತ್ತಿದ್ದ ದಿನಗಳವು. ಅವನನ್ನು ಒಂದು ನಿಮಿಷ ಹೊರಗೆ ಕಳಿಸಬಹುದಿತ್ತು ಅಲ್ವಾ? ಪಿಪಿಇ ಕಿಟ್ಟಿನೊಳಗೆ ಬೆವರುತ್ತಾ ನಾನು ಅವನು ಹೇಳಿದ್ದನ್ನೇ ಬರೆದುಕೊಂಡಿದ್ದೆ.