ಓರೆ ತಲೆಯ ರಿವೆಟ್

ಪೆರ್ಲದ ನಮ್ಮ ಮನೆಯ ಮೇಜಿನ ಮೇಲೆ, ತಲೆ ಒಂದು ಕಡೆಗೆ ವಾಲಿದ ಪುಟ್ಟ ಅಲ್ಯೂಮಿನಿಯಂ ರಿವೆಟ್ (ತಗಡುಗಳನ್ನು ಬಡಿದು ಬೆಸೆಯುವ ಮೊಳೆ) ಒಂದಿದೆ. ಅಮೆರಿಕದಲ್ಲಿರುವ ನನ್ನ ಭಾವನವರು ತಮ್ಮ ಗ್ಯಾರೇಜಿನಲ್ಲಿ ನಾಲ್ಕು ಆಸನಗಳ ಆರ್‌ವಿ-10 ವಿಮಾನವನ್ನು ಬಿಡಿಭಾಗಗಳ ಕಿಟ್‌ನಿಂದ ಜೋಡಿಸುತ್ತಿದ್ದಾಗ, ನಾನು ಅಲ್ಲಿಗೆ ಹೋಗಿ ಮೂರು ವಾರ ಅವರ ಕೈಯಾಳಾಗಿ ದುಡಿದು ತಂದದ್ದು ಅದು.

ತಗಡಿನ ಒಂದು ಬದಿಯಿಂದ ಅವರು ರಿವೆಟ್ ಗನ್ ಒತ್ತುತ್ತಿದ್ದರೆ, ಇನ್ನೊಂದು ಬದಿಯಲ್ಲಿ ಉಕ್ಕಿನ ಗಟ್ಟಿಯನ್ನು ಆನಿಸಿ ಹಿಡಿಯುವುದು ನನ್ನ ಕೆಲಸವಾಗಿತ್ತು. ರಿವೆಟ್‌ನ ದಪ್ಪ ಸುಮಾರು 2.4 ಮಿಲಿಮೀಟರ್, ಬಡಿದಾಗ ಮೂಡುವ ತಲೆ ಆ ದಪ್ಪದ ಒಂದೂವರೆ ಪಟ್ಟು ಅಗಲವೂ ಅರ್ಧದಷ್ಟು ಎತ್ತರವೂ ಇರಬೇಕು. ಗಟ್ಟಿ ಕೊಂಚ ಓರೆಯಾದರೂ ಕೆಲಸ ಕೆಟ್ಟಂತೆಯೇ. ಮೊದಲ ದಿನ ನಾನು ಕೆಡಿಸಿದ 11 ರಿವೆಟ್‌ಗಳನ್ನು ಅವರು ಬೇಸರಿಸದೆ ಕೊರೆದು ತೆಗೆದು, "ಅವಸರ ಬೇಡ ಮಾರಾಯ, ನಾಳೆ ಇದರಲ್ಲಿ ಕೂರುವುದು ನಮ್ಮದೇ ಮಕ್ಕಳು" ಎಂದರು. ಅಂಚಿನ ಸಣ್ಣ ಗೀರಿನಿಂದಲೂ ಬಿರುಕು ಹುಟ್ಟಬಹುದಾದ್ದರಿಂದ ಪ್ರತಿಯೊಂದು ತೂತಿನ ಅಂಚನ್ನೂ ನುಣುಪಾಗಿಸಬೇಕಿತ್ತು. ಆ ತಾಳ್ಮೆಯ ಕೆಲಸವೇ ನನಗೆ ಎಲ್ಲಕ್ಕಿಂತ ಹಿಡಿಸಿತು.

ಅಲ್ಲಿನ ನಿಯಮದಂತೆ ಇಂಥ ವಿಮಾನದ ಬಹುಪಾಲು ಕೆಲಸವನ್ನು ಹವ್ಯಾಸಿಗಳೇ ಮಾಡಿರಬೇಕು, ಮತ್ತು ಪರೀಕ್ಷಾ ಹಾರಾಟದ ಗಂಟೆಗಳು ಮುಗಿಯುವವರೆಗೆ ಪ್ರಯಾಣಿಕರನ್ನು ಕೂರಿಸುವಂತಿಲ್ಲ.

ಎರಡು ವರ್ಷಗಳ ಬಳಿಕ, 260 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್ ನಮ್ಮನ್ನು ಮೇಲಕ್ಕೆತ್ತಿದಾಗ, ನಾನು ಕೆಳಗಿನ ಹೊಲಗಳನ್ನು ನೋಡಲಿಲ್ಲ. ಕಿಟಕಿಯ ಕೆಳಗೆ ಚಾಚಿದ್ದ ರೆಕ್ಕೆಯ ಮೇಲೆ, ನಾನು ಉಕ್ಕಿನ ಗಟ್ಟಿ ಆನಿಸಿದ್ದ ರಿವೆಟ್‌ಗಳ ಸಾಲನ್ನು ಹುಡುಕಿ, ಇಳಿಯುವವರೆಗೂ ಅದನ್ನೇ ನೋಡುತ್ತಿದ್ದೆ.